ಬಲಗಡೆಯಿಂದ ಹೊರಟ ಕುದುರೆ

ರಹೀಮ್ ಸಾಬರಿಗೆ ಕನ್ನಡದ ಅಕ್ಷರಗಳೆಲ್ಲ ಗೊತ್ತಿದ್ದವು, ಓದುವುದೊಂದು ಬರುತ್ತಿರಲಿಲ್ಲ. ಐವತ್ತರ ದಶಕದ ಕೊನೆಯ ಮಾತು ಇದು. ಶಿರಾ ಪೇಟೆಯ ಅಂಗಡಿ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಆಗ ಅವರ ಕೈಯಲ್ಲೇ ಆದವು. ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು, ಮಾವಿನಕಾಯಿ ನೋಡಿ ಮಾವಿನಕಾಯಿ ಬರೆಯುವ ಹಾಗೆ ಒಂದೊಂದು ಅಕ್ಷರವನ್ನೂ ನೋಡಿ ನೋಡಿ ತಗಡಿನ ಮೇಲೆ ಇಳಿಸುತ್ತಿದ್ದರು. ಅಕ್ಷರಗಳಿಗೆ ಅವರು ಇಟ್ಟ ಹೆಸರುಗಳೇ ಬೇರೆ. ‘ರ’ ಅಂದರೆ ಬಳೆ, ‘ಠ’ ಅಂದರೆ ಕಣ್ಣು, ‘ಣ’ ಆನೆ, ‘ಜ’ ಮಲಗಿದ ಬೆಕ್ಕು. ಒತ್ತಾಗಲಿ ದೀರ್ಘವಾಗಲಿ, ಅಕ್ಷರಕ್ಕೆ ಅಂಟಿಕೊಂಡದ್ದು ಯಾವುದೇ ಇರಲಿ, ಅದು ಬಾಲ.

ಅವರ ತಗಡಿನ ಶೆಡ್ಡು ನಮ್ಮ ಹೆಣ್ಣುಮಕ್ಕಳ ಸ್ಕೂಲಿನ ಎದುರಿಗೇ ಇತ್ತು. ನಾನು ಗೇಟು ದಾಟುವಷ್ಟರಲ್ಲಿ ರಸ್ತೆಯ ಆ ಕಡೆಯಿಂದ ಕೂಗು ಬರುತ್ತಿತ್ತು.

“ಟೀಚರಮ್ಮ, ಜರಾ ಬನ್ನಿ ಇಲ್ಲಿ. ಈ ಆನೆಗೆ ಬಾಲ ಐತಾ, ಇಲ್ಲಾ ಮೋಟು ಆನೆನಾ?”

ನೋಡಿದರೆ ಬೋರ್ಡಿನ ಮೇಲೆ ‘ಅಣಪ’ ಅಂತ ಸೀಸದಕಡ್ಡಿಯಲ್ಲಿ ಬರೆದಿರುತ್ತಿದ್ದರು.

“ಬಾಲ ಬೇಕು ಸಾಬರೇ. ಆನೆಗೂ ಬೇಕು, ಪಕ್ಕದ್ದಕ್ಕೂ ಬೇಕು. ಇಲ್ಲದಿದ್ದರೆ ಅಣ್ಣಪ್ಪನವರು ಅರ್ಧ ಆಗಿಬಿಡುತ್ತಾರೆ.”

“ಹಂಗಾದ್ರೆ ಹಾಕೇಬುಡಾಣ,” ಎಂದು ಕಿವಿಯ ಸಂದಿಯಿಂದ ಬ್ರಷ್ಷು ತೆಗೆಯುತ್ತಿದ್ದರು. ಸಣಕಲು ಮನುಷ್ಯ. ಗಡ್ಡದಲ್ಲಿ ಯಾವಾಗಲೂ ಒಂದೆರಡು ಬಣ್ಣ ಅಂಟಿಕೊಂಡೇ ಇರುತ್ತಿತ್ತು. ಹಸಿರು ಕಂಡರೆ ಅವತ್ತು ಯಾವುದೋ ಔಷಧಿ ಅಂಗಡಿಯ ಕೆಲಸ, ಕೆಂಪು ಕಂಡರೆ ಸೈಕಲ್ ಶಾಪು ಎಂದು ನಮ್ಮ ಹುಡುಗಿಯರು ಪಂದ್ಯ ಕಟ್ಟುತ್ತಿದ್ದರು.

ಸಾಬರಿಗೆ ಒಂದು ಕೆಟ್ಟ ಚಾಳಿ ಇತ್ತು. ಚೀಟಿಯಲ್ಲಿರುವ ಅಕ್ಷರ ಅಂದವಾಗಿ ಕಾಣದಿದ್ದರೆ ತಾವೇ ಬದಲಾಯಿಸಿಬಿಡುತ್ತಿದ್ದರು. ಒಬ್ಬ ಹಾಲಿನ ಅಂಗಡಿಯವನು ‘ಶುದ್ಧ ಹಾಲು’ ಎಂದು ಬರೆದುಕೊಟ್ಟಿದ್ದ. ಮಾರನೆಯ ದಿನ ಅವನ ಅಂಗಡಿಯ ಮೇಲೆ ಗೇಣುದ್ದದ ನೀಲಿ ಅಕ್ಷರಗಳಲ್ಲಿ ‘ಶುದ್ಧ ಹಾಳು’ ಎಂದು ಝಗಝಗಿಸುತ್ತಿತ್ತು. ಅವನು ಬೋರ್ಡನ್ನು ಹೊತ್ತುಕೊಂಡೇ ಶೆಡ್ಡಿಗೆ ಬಂದ.

“ಏನ್ ಸಾಬ್ರೇ ಇದು? ಹಾಲು ಅಂತ ಕೊಟ್ರೆ ಹಾಳು ಅಂತ ಬರ್ದಿದೀರಲ್ಲಾ! ಊರೆಲ್ಲಾ ನಗ್ತಾ ಐತೆ!”

ಸಾಬರು ಒಂದು ಕಣ್ಣು ಮುಚ್ಚಿ ಬೋರ್ಡನ್ನೇ ನೋಡಿದರು. “ನೀನು ಕೊಟ್ಟಿದ್ದು ಬಡಕಲಾಗಿತ್ತು ಕಣಯ್ಯ. ಅದ್ರ ಜೋಡಿ ಇನ್ನೊಂದೈತೆ, ಕೆಳಗೆ ತಿರುವ್ಕಂಡು ಏನ್ ಖೂಬ್ ಐತೆ ನೋಡು. ನಿನ್ನ ಅಂಗಡಿಗೆ ಒಳ್ಳೇದೇ ಇರ್ಲಿ ಅಂತ ಅದನ್ನ ಹಾಕ್ದೆ. ತಪ್ಪಾಯ್ತಾ?”

ಸಿಟ್ಟಾಗಿ ಬಂದವನು ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅದನ್ನು ಅಳಿಸಿ ಮತ್ತೆ ‘ಲು’ ಬರೆಯುವಾಗ ಮಾತ್ರ ಸಾಬರ ಮುಖ ಸಪ್ಪಗಿತ್ತು ಎಂದು ಆಮೇಲೆ ನನಗೆ ಹೇಳಿದ.

ಇನ್ನು ನನ್ನ ವಿಷಯ. ನಾನು ಮಧುಗಿರಿಯವಳು, ಶಿರಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಟೀಚರಾಗಿದ್ದೆ. ನನಗಾಗ ವಯಸ್ಸು ಇಪ್ಪತ್ತಮೂರು, ಜಂಭಕ್ಕೆ ಅರವತ್ತು. ನನ್ನಂಥ ಕನ್ನಡ ಈ ಸೀಮೆಯಲ್ಲಿ ಇನ್ಯಾರಿಗೂ ಬರುವುದಿಲ್ಲವೆಂದು ನಂಬಿದ್ದೆ. ಪೇಟೆಯ ವಾಚನಾಲಯದಲ್ಲಿ ವಾರಕ್ಕೊಮ್ಮೆ ಸಂತೆಯ ದಿನ ಗೋಡೆಪತ್ರಿಕೆ ಅಂಟಿಸುತ್ತಿದ್ದರು, ಅದನ್ನು ಕೈಬರಹದಲ್ಲಿ ಬರೆಯುವವಳು ನಾನೇ. ವಾಚನಾಲಯದ ಅಧ್ಯಕ್ಷರು ವಕೀಲ ಪುಟ್ಟನರಸಯ್ಯನವರು. ಒಂದು ದಿನ ಅವರು, “ನೋಡಮ್ಮ, ಓದೋಕೆ ಬರದೋರೂ ಒಳಗೆ ಬರೋ ಹಂಗೆ ಏನಾದರೂ ಮಾಡಬೇಕಲ್ಲ,” ಅಂದರು. ಹಾಗಾದರೆ ಚಿತ್ರದ ಕತೆ ಹಾಕೋಣ, ವಾರವಾರವೂ ಮುಂದುವರಿಸೋಣ ಅಂದೆ. ಎದುರಿಗೇ ಶೆಡ್ಡು ಇದೆಯಲ್ಲ, ಸಾಬರನ್ನು ಕೇಳಿದೆ.

ಸಾಬರು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಮತ್ತೆ ಅದ್ದಿದರು.

“ಟೀಚರಮ್ಮ, ನಗಬಾರ್ದು. ನನ್ನ ತಲೇಲಿ ಒಂದ್ ಕತೆ ಐತೆ. ಇಪ್ಪತ್ತು ವರ್ಸದಿಂದ ಕೂತೈತೆ. ಜಿಂದಗಿ ಪೂರಾ ಬೇರೇಯವ್ರ ಹೆಸ್ರೇ ಬರ್ದೆ. ಒಂದ್ ಗೋಡೆ ಮೇಲಾದ್ರೂ ಇದು ರಹೀಮಂದು ಅಂತ ಏನಾದ್ರೂ ಇರ್ಲಿ ಅಂತ ಆಸೆ.”

“ಹೇಳಿ ಮತ್ತೆ, ಬರೆದುಕೊಳ್ತೀನಿ.”

“ಹೇಳೋದೇನೈತೆ? ಎಲ್ಲಾ ಚಿತ್ರದಲ್ಲೇ ಇರ್ತದೆ. ನೀವು ಓದ್ದೋರು, ನೋಡ್ಕಂಡು ಕೆಳಗೆ ಮಾತು ಹಾಕಿ.”

ಅಲ್ಲಿಗೆ ನನ್ನ ಜಂಭಕ್ಕೆ ಸರಿಯಾಗಿ ಮೇವು ಹಾಕಿದಂತಾಯಿತು. ಓದಿದವಳು ನಾನು, ಚಿತ್ರ ನೋಡಿ ಕತೆ ತಿಳಿಯದಷ್ಟು ದಡ್ಡಿಯೇ? ಮತ್ತೆ ಕೇಳಲೇ ಇಲ್ಲ.

ಮೊದಲ ಹಾಳೆ ಬಂತು. ಉದ್ದನೆಯ ಕಾಗದ, ಒಂದೇ ಸಾಲಿನಲ್ಲಿ ಆರು ಚಿತ್ರ, ಪ್ರತಿಯೊಂದರ ಕೆಳಗೂ ಮಾತಿಗೆ ಖಾಲಿ ಜಾಗ. ಎಡಗಡೆಯ ಮೊದಲನೇ ಚಿತ್ರದಲ್ಲಿ ಬೋರ್ಡುಗಳೆಲ್ಲ ಬರಿದಾದ ಒಂದು ಪೇಟೆ, ನಡುವೆ ಉದ್ದ ಗಡ್ಡದ ಒಬ್ಬ ದೊಡ್ಡ ಆಸಾಮಿ. ಮುಂದಿನ ಚಿತ್ರಗಳಲ್ಲಿ ಅವನ ಬಾಯಿಗೂ ಬೋರ್ಡುಗಳಿಗೂ ನಡುವೆ ಅಕ್ಷರಗಳು ಹಾರಾಡುತ್ತಿದ್ದವು. ಕೊನೆಯ ಚಿತ್ರದಲ್ಲಿ ಬೋರ್ಡುಗಳ ತುಂಬ ಅಕ್ಷರ, ಒಂದು ಮುದಿ ಕುದುರೆಯ ಜಟಕಾ, ಅದರ ಪಕ್ಕದಲ್ಲಿ ಬೀಡಿ ಸೇದುವ ಒಬ್ಬ ಗಾಡಿಯವನು. ನನಗೆ ಕ್ಷಣದಲ್ಲಿ ಹೊಳೆಯಿತು. ಗಡ್ಡದವನು ಮಹರ್ಷಿ! ಅಕ್ಷರವಿಲ್ಲದ ಊರಿಗೆ ಬಾಯಿಂದ ಅಕ್ಷರಗಳನ್ನು ಸುರಿಸುತ್ತಿದ್ದಾನೆ. ‘ಮಹರ್ಷಿಯು ಪೌರಜನರಿಗೆ ಅಕ್ಷರದಾನವನ್ನು ಗೈದು ಅಂತರ್ಧಾನನಾದನು’ ಎಂದು ಬರೆದೆ. ಬೀಡಿಯವನಿಗೆ ವಿಕ್ರಮಸಿಂಹ ಎಂದು ಹೆಸರಿಟ್ಟು, ಮಾರುವೇಷದ ರಾಜಕುಮಾರನನ್ನಾಗಿ ಮಾಡಿದೆ. ವಯಸ್ಕರ ಶಿಕ್ಷಣಕ್ಕೂ ಹೊಂದಿಕೆಯಾಯಿತೆಂದು ವಕೀಲರು ನನ್ನ ಬೆನ್ನು ತಟ್ಟಿದರು.

ಎರಡನೇ ವಾರ ನೋಡಿದರೆ ಬೋರ್ಡುಗಳು ಮತ್ತೆ ಖಾಲಿ! ನುಣ್ಣಗೆ ತಲೆ ಬೋಳಿಸಿಕೊಂಡ ಒಬ್ಬ ಮನುಷ್ಯ, ಆಮೇಲೆ ಕ್ಷೌರದ ಕುರ್ಚಿ, ಆಮೇಲೆ ಅದೇ ಮನುಷ್ಯನಿಗೆ ತಲೆತುಂಬ ಕೂದಲು. ‘ಮುಂಡಿತ ಯತಿಯೊಬ್ಬನಿಗೆ ಕ್ಷೌರಿಕನ ಕೃಪೆಯಿಂದ ಕೇಶರಾಶಿ ಮೂಡಿತು’ ಎಂದು ಬರೆದೆ. ಬರೆಯುವಾಗ ನನಗೇ ಯಾಕೋ ಹಿತವೆನಿಸಲಿಲ್ಲ. ಮೂರನೇ ವಾರ ರೆಕ್ಕೆಯ ಕುದುರೆಯೊಂದು ಸೊಪ್ಪು ತಿಂದು ರೆಕ್ಕೆ ಕಳೆದುಕೊಂಡು ಗಿಡಮೂಲಿಕೆಗೆ ಹೆಸರಾದ ಸಿದ್ದರಬೆಟ್ಟದ ಮೇಲಿಂದ ಹಿಂದುಹಿಂದಕ್ಕೆ ಇಳಿಯಿತು. ಶಾಪ ಅಂದೆ. ಕತೆಯಲ್ಲಿ ತೊಡಕು ಬಂದಲ್ಲೆಲ್ಲ ಶಾಪ ಹಾಕಿದರೆ ಆಯಿತಲ್ಲ.

ಜನ ಏನು ಮಾಡುತ್ತಾರೆ? ಮೊದಲ ವಾರ ಸುತ್ತ ನಿಂತು ನೋಡಿದರು, ಎರಡನೇ ವಾರ ತಲೆ ಕೆರೆದುಕೊಂಡರು, ಮೂರನೇ ವಾರ ನಕ್ಕರು. ಅದೂ ಚಿತ್ರವನ್ನು ನೋಡಿ ಗೇಲಿಯ ನಗು. ಪಾವಗಡದಿಂದ ಕಡಲೆಕಾಯಿ ವ್ಯಾಪಾರಕ್ಕೆ ಬರುತ್ತಿದ್ದ ಓಬಳಪ್ಪನೆಂಬವನಿಗೆ ಬಾಯಿ ದೊಡ್ಡದು. ನಾಲ್ಕನೇ ವಾರದ ಹಾಳೆಯ ಮುಂದೆ ನಿಂತು ಇಡೀ ವಾಚನಾಲಯಕ್ಕೆ ಕೇಳುವ ಹಾಗೆ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೂಗಿದ: “ಏಮಮ್ಮಾ ಇದು? ಗುರ್ರಂ ಯೆನಕ್ಕೆ ಪೋತಾ ಐತಲ್ಲಮ್ಮಾ! ಹಿಂದಕ್ಕೆ ಹೋಗೋ ಕುದುರೆಗೆ ಜ್ವರ ಬಂದೈತಾ, ಇಲ್ಲಾ ಬರ್ದೋನಿಗೆ ಬಂದೈತಾ?”

ಎಲ್ಲರೂ ಹೋ ಎಂದು ನಕ್ಕರು. ಬಾಗಿಲ ಹೊರಗೆ ರಹೀಮ್ ಸಾಬರು ನಿಂತಿದ್ದುದನ್ನು ಆಗ ನಾನು ನೋಡಿದೆ. ಪ್ರತಿ ವಾರವೂ ಹಾಗೇ ಹೊರಗೆ ನಿಂತು ಜನರ ಮುಖ ನೋಡಿಕೊಂಡು ಹೋಗುತ್ತಿದ್ದರಂತೆ. ಅವತ್ತು ಗಡ್ಡ ಸವರಿಕೊಂಡು ಸುಮ್ಮನೆ ತಿರುಗಿ ನಡೆದರು.

ಸಂಜೆ ವಕೀಲರು ನನ್ನನ್ನು ಕರೆದರು. “ಸಾಕಮ್ಮ ಈ ಕತೆ. ಸಾಬರು ಬೋರ್ಡಿಗೇ ಸರಿ. ಮುಂದಿನ ವಾರದಿಂದ ಆ ಜಾಗಕ್ಕೆ ಗೊಬ್ಬರದ ಪೋಸ್ಟರು ಹಾಕೋಣ. ನೀವೇ ಹೋಗಿ ಅವರಿಗೆ ಹೇಳಿಬಿಡಿ.”

ಹೇಳುವುದು ಹೇಗೆ? ಎರಡು ದಿನ ತಳ್ಳಿದೆ. ಶೆಡ್ಡಿನ ಬಾಗಿಲು ಹಾಕಿತ್ತು, ಅದೂ ಮನಸ್ಸಿಗೆ ಒಂದು ಮುಳ್ಳಾಯಿತು. ಕೊನೆಗೆ ಮನೆಯನ್ನೇ ಹುಡುಕಿಕೊಂಡು ಹೋದೆ. ಸಾಬರು ಬಜಾರಿಗೆ ಹೋಗಿದ್ದರು. ಅವರ ಹೆಂಡತಿ ಮಾಬೂಬಿಯವರು ಒಳಗೆ ಕರೆದು, ಮಣೆ ಹಾಕಿ, ಚಹಾಕ್ಕೆ ನೀರಿಟ್ಟರು. ರೊಟ್ಟಿ ತಟ್ಟುತ್ತಿದ್ದ ಕೈ, ಹಿಟ್ಟು ಹಾಗೇ ಇತ್ತು. ಗೋಡೆಯ ಮೇಲೆ ಕತೆಯ ನಾಲ್ಕೂ ಹಾಳೆಗಳ ಚಿಕ್ಕ ನಕಲುಗಳನ್ನು ಸಾಲಾಗಿ ಅಂಟಿಸಿದ್ದರು.

“ನಿಮ್ಮಿಂದ ನಮ್ಮೋರಿಗೆ ದೆವ್ವ ಹಿಡಿದಂಗೆ ಆಗೈತೆ ನೋಡಮ್ಮ,” ಎಂದು ಮಾಬೂಬಿ ನಕ್ಕರು. “ಊಟ ಬೇಡ, ನಿದ್ದೆ ಬೇಡ. ಆದ್ರೂ ಏನ್ ಮಜಾ ಬರ್ದವ್ರೆ! ಆ ಜಾಮೂನಿನೋನ್ದು ನೋಡ್ದಾಗೆಲ್ಲಾ ನನಗೆ ನಗು ತಡ್ಯಕಾಗಲ್ಲ.”

“ಯಾವ ಜಾಮೂನಿನವನು?”

“ಅಯ್ಯೋ, ಇವ್ನೇ ಅಲ್ವಾ!” ಎಂದು ಎರಡನೇ ಹಾಳೆಯ ಬಲತುದಿಗೆ ಹಿಟ್ಟಿನ ಬೆರಳಿಟ್ಟರು. “ಬೋರ್ಡಿನ ಮೇಲೆ ಹೆಸ್ರಿಲ್ಲ, ಯಾವ್ದು ಯಾರ ಅಂಗಡಿ ಗೊತ್ತಿಲ್ಲ. ಇವ್ನು ಜಾಮೂನು ತಿನ್ನಾಕೆ ಅಂತ ಒಳಗೆ ಹೋದ, ಕುರ್ಚಿ ಮೇಲೆ ಕೂತ, ಕಣ್ಮುಚ್ಕಂಡು ಬಾಯಿ ತೆಗ್ದ, ಹಜಾಮ ತಲೆ ಬೋಳಿಸಿ ಕಳಿಸ್ದ!” ಬೆರಳು ಒಂದೊಂದೇ ಚಿತ್ರ ದಾಟಿಕೊಂಡು ಎಡಗಡೆಯ ಬೋಳುತಲೆಯ ಮೇಲೆ ಬಂದು ನಿಂತಿತು.

ನಾನು ಆ ಬೆರಳನ್ನೇ ನೋಡುತ್ತಿದ್ದೆ. “ನೀವು... ಆ ಕಡೆಯಿಂದ ಯಾಕೆ ಶುರು ಮಾಡಿದಿರಿ?”

“ಇನ್ಯಾವ ಕಡೆಯಿಂದ ಮಾಡ್ತಾರಮ್ಮ?” ಎಂದರು ಅವರು, ನಿಜವಾಗಿ ಆಶ್ಚರ್ಯದಿಂದ.

ಉರ್ದು! ದೇವರೇ, ಉರ್ದು! ಗಂಡಹೆಂಡಿರಿಬ್ಬರೂ ಚಿಕ್ಕಂದಿನಲ್ಲಿ ಓದಿದ್ದು ಬಲಗಡೆಯಿಂದ ಬರುವ ಅಕ್ಷರ. ಸಾಬರು ಕತೆಯನ್ನು ಬಲಗಡೆಯಿಂದ ಬರೆದಿದ್ದರು, ನಾನು ಅದನ್ನು ಎಡಗಡೆಯಿಂದ ಓದಿ ಬಾಲದಿಂದ ತಲೆಗೆ ಮಾತು ಹಾಕಿದ್ದೆ. ಅವರಿಗೆ ನನ್ನ ಕನ್ನಡ ಓದಲು ಬರುವುದಿಲ್ಲ, ನನಗೆ ಅವರ ಚಿತ್ರ ಓದಲು ಬಂದಿಲ್ಲ. ನಾಲ್ಕು ವಾರ ಒಂದೇ ಹಾಳೆಯ ಮೇಲೆ ಎರಡು ಕತೆ ಒಂದಕ್ಕೊಂದು ಬೆನ್ನು ಹಾಕಿಕೊಂಡು ನಡೆದಿದ್ದವು. ನನ್ನ ಮಹರ್ಷಿ ದಾನ ಮಾಡುತ್ತಿರಲಿಲ್ಲ, ಊರಿನ ಅಕ್ಷರಗಳನ್ನೆಲ್ಲ ನುಂಗುತ್ತಿದ್ದ. ಅವನು ರಾಕ್ಷಸ. ಕುದುರೆ ಸೊಪ್ಪು ತಿಂದು ರೆಕ್ಕೆ ಕಳೆದುಕೊಂಡಿರಲಿಲ್ಲ, ಸಿದ್ದರಬೆಟ್ಟದ ಸೊಪ್ಪು ತಿಂದೇ ರೆಕ್ಕೆ ಪಡೆದಿತ್ತು. ಹೆಸರು ಕದ್ದವನನ್ನು ಹುಡುಕಿಕೊಂಡು ಹೊರಟಿತ್ತು. ಎಂಥ ಕತೆ! ನಾನು ಅದರ ಮೇಲೆ ಶಾಪದ ಮೇಲೆ ಶಾಪ ಸುರಿದಿದ್ದೆ.

ಸಾಬರು ಬಂದರು. ನಾನು ಎದ್ದು ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಬಾಗಿಲಲ್ಲೇ ಕೈಚೀಲ ಹಿಡಿದು ನಿಂತಿದ್ದರು.

“ಅಂದ್ರೆ, ನನ್ನ ರಾಕ್ಷಸ ನಾಕು ವಾರದಿಂದ ದಾನ ಮಾಡ್ತಾ ಇದ್ನಾ?”

“ಹೌದು ಸಾಬರೇ.”

“ಬುಡೇನ್ ರಾಜಕುಮಾರನಾ?” ಬೀಡಿ ಸೇದುವ ಗಾಡಿಯವನಿಗೆ ಅವರು ಇಟ್ಟಿದ್ದ ಹೆಸರು ಬುಡೇನ್.

“ವಿಕ್ರಮಸಿಂಹ.”

ಸಾಬರು ಗೋಡೆಗೆ ಒರಗಿ ನಗತೊಡಗಿದರು. ಮಾಬೂಬಿಗೆ ಉರ್ದುವಿನಲ್ಲಿ ಹೇಳಿ ಮತ್ತೆ ನಕ್ಕರು. ನಗುತ್ತಾ ನಗುತ್ತಾ ಟವೆಲಿನಿಂದ ಕಣ್ಣೊರೆಸಿಕೊಂಡರು. “ಜನ ನನ್ನ ಗೀಟು ನೋಡಿ ನಗ್ತವ್ರೆ ಅಂದ್ಕಂಡಿದ್ದೆ ಕಣಮ್ಮ. ವಯಸ್ಸಾಯ್ತು, ಕೈ ಹೋಯ್ತು ಅಂದ್ಕಂಡೆ. ಬ್ರಷ್ಷೆಲ್ಲಾ ತೊಳ್ದು ಕಟ್ಟಿಟ್ಬುಟ್ಟಿದೀನಿ.”

ಮೂಲೆಯಲ್ಲಿ ನೋಡಿದೆ. ಹತ್ತಿಪ್ಪತ್ತು ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ್ದರು. ಅವತ್ತು ನನಗಾದಷ್ಟು ನಾಚಿಕೆ ನನ್ನ ಜೀವಮಾನದಲ್ಲೇ ಆಗಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಹೊರಟೆ.

ನೇರ ವಕೀಲರ ಮನೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮೆಲ್ಲಗೆ ಅಂದರು: “ಇದನ್ನು ಹೊರಗೆ ಹೇಳಬೇಡಿ ಟೀಚರಮ್ಮ. ಓದಿದೋರಿಗೇ ಚಿತ್ರ ಓದೋಕೆ ಬರಲಿಲ್ಲ ಅಂದರೆ ನಾಳೆ ನಿಮ್ಮ ಮಕ್ಕಳು ನಿಮ್ಮ ಮಾತು ಕೇಳ್ತಾರಾ? ಚಿತ್ರ ಚೆನ್ನಾಗಿರಲಿಲ್ಲ, ನಿಲ್ಲಿಸಿದೋ, ಅಷ್ಟೇ. ನಿಮ್ಮ ಮರ್ಯಾದೆನೂ ಉಳಿಯುತ್ತೆ.”

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಆಸೆಯಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಬ್ರಷ್ಷಿನ ಗಂಟು ಕಣ್ಣ ಮುಂದಿನಿಂದ ಹೋಗಲೊಲ್ಲದು. “ಒಂದೇ ಒಂದು ವಾರ ಕೊಡಿ ಸಾರ್,” ಅಂದೆ. “ಅದು ಕೆಟ್ಟರೆ ಗೊಬ್ಬರದ ಪೋಸ್ಟರನ್ನು ನಾನೇ ಅಂಟಿಸುತ್ತೇನೆ.”

ವಕೀಲರು ಒಂದು ವಾರ ಕೊಟ್ಟರು. ಸಾಬರಿಗೆ ಎಡಗಡೆಯಿಂದ ಬರೆಯಲು ಹೇಳಿ ನೋಡಿದೆ. ಪಾಪ, ಪ್ರಯತ್ನಪಟ್ಟರು. ಕುದುರೆಯ ಮುಖ ಬಲಕ್ಕೆ ತಿರುಗಿದ ಕೂಡಲೇ ಅದು ಕತ್ತೆಯಾಯಿತು. “ಇದು ಆಗಾಕಿಲ್ಲ ಟೀಚರಮ್ಮ. ನನ್ನ ಗುಲಾಬಿಗೆ ಈ ಕಡೆ ದಾರಿ ಗೊತ್ತಿಲ್ಲ,” ಎಂದು ಕಾಗದ ಮುದುರಿದರು. ಗುಲಾಬಿ ಅಂದರೆ ಆ ಮುದಿ ಕುದುರೆ. ಸರಿ, ಕುದುರೆ ತಿರುಗದಿದ್ದರೆ ಜನರನ್ನೇ ತಿರುಗಿಸೋಣ ಅಂದುಕೊಂಡೆವು. ಲಾಡ್ಜುಗಳ ಬೋರ್ಡಿನಲ್ಲಿ ತೋರುಬೆರಳಿನ ಕೈ ಬರೆಯುತ್ತಾರಲ್ಲ, ಸಾಬರು ಅದರಲ್ಲಿ ಪಳಗಿದವರು. ಮೊಳದುದ್ದದ ಒಂದು ಕೈ ಬರೆದು, ಬಳೆ ತೊಡಿಸಿ, ಹಾಳೆಯ ಬಲತುದಿಗೆ ಅಂಟಿಸಿದರು. ಬೆರಳಿನ ತುದಿಯಲ್ಲಿ ಒಂದಿಷ್ಟು ಬಿಳಿ ಹಿಟ್ಟು. ಅದು ಯಾರ ಕೈಯೆಂದು ನಾನು ಕೇಳಬೇಕಾಗಿರಲಿಲ್ಲ. ಹಳೆಯ ನಾಲ್ಕು ಹಾಳೆಗಳ ಮೇಲಿನ ನನ್ನ ಸಂಸ್ಕೃತವನ್ನೆಲ್ಲ ಮುಚ್ಚಿ ಚೀಟಿ ಅಂಟಿಸಿದೆ. ಸಾಬರು ಹೇಳುತ್ತಾ ಹೋದರು, ನಾನು ಅವರ ಬಾಯಲ್ಲಿ ಬಂದ ಹಾಗೇ ಬರೆಯುತ್ತಾ ಹೋದೆ. ‘ಬೋಳಿಸಿ ಕಳಿಸ್ದ’ ಎಂದು ಬರೆಯಲು ಎರಡು ಸಲ ಲೇಖನಿ ಎತ್ತಿ ಕೆಳಗಿಟ್ಟೆ. ಅಂಥ ಕನ್ನಡವನ್ನು ಅಲ್ಲಿಯವರೆಗೆ ನಾನು ಬರೆದವಳೇ ಅಲ್ಲ.

ಸಂತೆಯ ದಿನ ವಾಚನಾಲಯದಲ್ಲಿ ಸ್ಟೂಲು ಹತ್ತಿ ನಿಂತೆ. “ಈ ಕತೆ ಹಿಂದುಹಿಂದಕ್ಕೆ ಹೋಗಿದ್ದು ಸಾಬರ ತಪ್ಪಲ್ಲ. ನನಗೆ ಚಿತ್ರ ಓದೋಕೆ ಬರಲಿಲ್ಲ. ಎಲ್ಲರೂ ದಯವಿಟ್ಟು ಬಲಗಡೆಗೆ ಬಂದು ಮೊದಲಿಂದ ನೋಡಿ,” ಎಂದೆ. ಓಬಳಪ್ಪನೇ ಮೊದಲು ಬಲತುದಿಗೆ ಹೋಗಿ ನಿಂತ. ಪಕ್ಕದಲ್ಲಿದ್ದವನು ಓದಿ ಹೇಳಿದ, ಇವನು ನೋಡುತ್ತಾ ಹೋದ. ಜಾಮೂನಿನವನ ಹತ್ತಿರ ಬಂದಾಗ ಅವನು ಹಾಕಿದ ಕೇಕೆಗೆ ಬೀದಿಯಲ್ಲಿದ್ದವರೂ ಒಳಗೆ ಬಂದರು. “ಅರೆರೆ, ಯೆನಕ್ಕೆ ಪೋಗಿದ್ದು ಗುರ್ರಂ ಅಲ್ಲಪ್ಪೋ! ಟೀಚರಮ್ಮ!”

ನಗಲಿ. ಅವತ್ತು ನಗು ನನ್ನ ಮೇಲೆ ಬಿತ್ತು, ಬಾಗಿಲ ಹೊರಗೆ ನಿಂತಿದ್ದ ಸಾಬರ ಮೇಲಲ್ಲ. ಅವರು ಮೊದಲ ಸಲ ಒಳಗೆ ಬಂದರು.

ಅಲ್ಲಿಂದ ಆ ಕತೆ ಹಿಡಿದ ಓಟವೇ ಬೇರೆ. ಗುಲಾಬಿ ಜಟಕಾ ಸಮೇತ ಹಾರಿತು. ಬುಡೇನ್ ಮೋಡದ ಮೇಲೆ ಬೀಡಿ ಹಚ್ಚಿದ. ಹೆಸರು ಕಳೆದುಕೊಂಡ ಜನ ಒಬ್ಬರನ್ನೊಬ್ಬರು ‘ಓಯ್’ ಎಂದು ಕರೆಯುವುದು, ‘ಓಯ್’ ಅಂದರೆ ಇಡೀ ಊರೇ ತಿರುಗಿ ನೋಡುವುದು, ಇದು ಮೂರು ವಾರ ನಡೆಯಿತು. ನಿಜವಾದ ಶಿರಾದಲ್ಲೂ ಜನ ಹಾಗೇ ಕರೆದುಕೊಂಡು ನಗತೊಡಗಿದರು. ಸಾಬರು ಪೇಟೆಯವರ ಮುಖಗಳನ್ನೇ ಚಿತ್ರದಲ್ಲಿ ತಂದಿಟ್ಟರು. ವಕೀಲರ ಕನ್ನಡಕ, ಓಬಳಪ್ಪನ ಬಾಯಿ, ಎಲ್ಲ ಬಂತು. ಸ್ಟೂಲಿನ ಮೇಲೆ ನಿಂತ ಒಬ್ಬ ಗಿಳಿಮೂಗಿನ ಹೆಂಗಸೂ ಬಂದಳು, ಯಾರೆಂದು ಹೇಳುವುದಿಲ್ಲ. ವಾಚನಾಲಯದಲ್ಲಿ ಇನ್ನೊಂದು ಫಜೀತಿ. ಪತ್ರಿಕೆ ಓದುವವರು ಎಡದಿಂದ ಬಲಕ್ಕೆ, ಕತೆ ನೋಡುವವರು ಬಲದಿಂದ ಎಡಕ್ಕೆ, ನಡುವೆ ಢಿಕ್ಕಿ. ವಕೀಲರು ಎರಡಕ್ಕೂ ಬೇರೆ ಬೇರೆ ಗೋಡೆ ಮಾಡಿಸಿದರು. ಗೊಬ್ಬರದ ಪೋಸ್ಟರು ಬಾಗಿಲ ಹಿಂದೆ ಹೋಯಿತು.

ಅಕ್ಷರಗಳನ್ನೆಲ್ಲ ನುಂಗಿದ ರಾಕ್ಷಸ ಎಲ್ಲಿ ಮಲಗಿದ್ದಾನೆಂದು ಊರೆಲ್ಲ ಲೆಕ್ಕ ಹಾಕುತ್ತಿದ್ದಾಗ ಸಾಬರು ಅವನ ಹೊಟ್ಟೆ ತೋರಿಸಿದರು. ನೋಡಿದರೆ ನಮ್ಮ ಮಧುಗಿರಿ ಬೆಟ್ಟ! ಇಡೀ ಒಂದೇ ಬಂಡೆಯ ಆ ಉಬ್ಬನ್ನು ಬಾಲ್ಯದಿಂದ ನೋಡಿದವಳು ನಾನು, ಹೊಟ್ಟೆ ಅಂತ ಒಂದು ದಿನವೂ ಹೊಳೆದಿರಲಿಲ್ಲ.

“ನಮ್ಮೂರ ಬೆಟ್ಟವನ್ನೇ ರಾಕ್ಷಸ ಮಾಡಿದಿರಲ್ಲ ಸಾಬರೇ!”

“ಅದಕ್ಕೇ ಅಲ್ವಾ ಟೀಚರಮ್ಮ, ನಿಮ್ಮೂರೋರಿಗೆ ಅಕ್ಷರ ಜಾಸ್ತಿ ಆಗಿರೋದು?”

ಗುಲಾಬಿ ಹೊಟ್ಟೆಯ ಮೇಲೆ ಕುಣಿದು ಕುಣಿದು ರಾಕ್ಷಸನಿಗೆ ಕಚಗುಳಿ ಇಟ್ಟಿತು. ಅವನು ನಕ್ಕು ನಕ್ಕು ಅಕ್ಷರಗಳನ್ನೆಲ್ಲ ಕಾರಿದ. ಕೊನೆಯ ವಾರ ಜಟಕಾದಲ್ಲಿ ಅಕ್ಷರ ತುಂಬಿಕೊಂಡು ಬುಡೇನ್ ಊರಿಗೆ ಬಂದು ಬೋರ್ಡು ಬೋರ್ಡಿಗೂ ಹಂಚಿದ. ಕಟ್ಟಕಡೆಯ ಚಿತ್ರದಲ್ಲಿ ಎಲ್ಲ ಬೋರ್ಡುಗಳೂ ತುಂಬಿವೆ. ಮೂಲೆಯಲ್ಲಿ ಒಂದು ಪುಟ್ಟ ಬೋರ್ಡು ಮಾತ್ರ ಖಾಲಿ.

“ಅದು ಯಾರ್ದು ಸಾಬ್ರೇ?” ಎಂದು ಕೇಳದವರಿಲ್ಲ. “ಅವನಿಗೇ ಇನ್ನೂ ಗೊತ್ತಾಗಿಲ್ಲ,” ಎಂದು ಸಾಬರು ಹಾರಿಸಿಬಿಡುತ್ತಿದ್ದರು.

ನನಗೆ ಗೊತ್ತಿತ್ತು. ಮಾರನೆಯ ದಿನ, ಒಂದನೇ ಕ್ಲಾಸಿನ ಮಕ್ಕಳಿಗೆ ಮಾಡುವ ಹಾಗೆ, ರಟ್ಟಿನ ಮೂರು ಚೂರುಗಳ ಮೇಲೆ ಮೂರು ಅಕ್ಷರ ಬರೆದು ಶೆಡ್ಡಿಗೆ ತೆಗೆದುಕೊಂಡು ಹೋದೆ. “ಇದು ರ, ಇದು ಹೀ, ಇದು ಮ. ನಿಮ್ಮ ಹೆಸರು.”

ಎಷ್ಟೋ ಸಾವಿರ ಅಕ್ಷರ ಬರೆದ ಕೈ ಆ ಮೂರನ್ನು ಹಿಡಿದುಕೊಳ್ಳಲು ಹಿಂದೆಮುಂದೆ ನೋಡಿತು. “ಮೊದ್ಲು ಬಳೆ,” ಎಂದು ಒಂದನ್ನು ಎತ್ತಿಕೊಂಡರು. “ಆಮೇಲೆ ಈ ಬಾಲದ್ದು. ಆಮೇಲೆ ಇದು. ಇಷ್ಟೇನಾ ನಾನು?” ಎಂದು ನಕ್ಕು, ಮೂರನ್ನೂ ಜೇಬಿಗಿಳಿಸಿದರು. ಆಗಾಗ ಶೆಡ್ಡಿನಲ್ಲಿ ಇಸ್ಪೀಟಿನ ಎಲೆಯ ಹಾಗೆ ಅವನ್ನು ಮುಂದಿಟ್ಟುಕೊಂಡು ಕೂತಿರುವುದನ್ನು ಸ್ಕೂಲಿನ ಕಿಟಕಿಯಿಂದ ನೋಡುತ್ತಿದ್ದೆ. ನೋಡಿ ನನ್ನ ಪಾಡಿಗೆ ಪಾಠ ಮಾಡುತ್ತಿದ್ದೆ.

ಅರವತ್ತರ ದಶಕದ ಶುರುವಿನಲ್ಲಿ ನನಗೆ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಗೆ ವರ್ಗವಾಯಿತು. ಹೊರಡುವ ದಿನ ಸಾಬರು ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಅವತ್ತು ಗಡ್ಡದಲ್ಲಿ ಹಳದಿ ಬಣ್ಣ. ಮಾಬೂಬಿ ಕೊಟ್ಟ ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟರು.

“ಆ ಖಾಲಿ ಬೋರ್ಡು ಯಾರದು ಅಂತ ಇನ್ನೂ ಗೊತ್ತಾಗಲಿಲ್ಲವಾ ಸಾಬರೇ?” ಎಂದು ಕಿಟಕಿಯಿಂದ ಕೇಳಿದೆ.

“ಗೊತ್ತಾಗೈತೆ ಕಣಮ್ಮ. ಬರ್ಯಾಕೆ ಜಾಗ ಸಿಕ್ಕಿಲ್ಲ,” ಅಂದರು.

ಮತ್ತೆ ನಾನು ಅವರನ್ನು ನೋಡಲಿಲ್ಲ. ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಮದುವೆ, ಮಕ್ಕಳು, ಸ್ಕೂಲು ಎಂದು ನೆಪ ಹೇಳಬಹುದು, ಆದರೆ ಶಿರಾ ಏನು ಕಾಶಿಯಷ್ಟು ದೂರವಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಹೊಳವನಹಳ್ಳಿ ಸ್ಟಾಪಿನಲ್ಲಿ ಕೊರಟಗೆರೆಗೆ ಹೋಗಲು ನಿಂತಿದ್ದೆ. ಶಿರಾ ಕಡೆಗೆ ಹೋಗುವ ಖಾಸಗಿ ಬಸ್ಸೊಂದು ನನ್ನನ್ನು ದಾಟಿ ಹತ್ತು ಮಾರು ಮುಂದೆ ನಿಂತಿತು. ಅದರ ಬೆನ್ನ ತುಂಬ ರೆಕ್ಕೆ ಬಿಚ್ಚಿದ ಒಂದು ಮುದಿ ಕುದುರೆ! ಬಲಗಡೆಯಿಂದ ಎಡಗಡೆಗೆ ಹಾರುತ್ತಿತ್ತು. ಅಯ್ಯೋ ಗುಲಾಬಿ! ಸೆರಗು ಸಿಕ್ಕಿಸಿಕೊಂಡು ಓಡಿದೆ. ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಒಂದು ಪುಟ್ಟ ಬೋರ್ಡು ಬರೆದು, ಅದರೊಳಗೆ ಮೂರಕ್ಷರ ಹಾಕಿತ್ತು: ‘ಮಹೀರ’.

“ಹತ್ತಿ ಅಮ್ಮ, ಟೇಮಾಯ್ತು,” ಎಂದು ಕಂಡಕ್ಟರು ಹಿಂದಕ್ಕೆ ಬಂದ.

“ಇದನ್ನು ಬರೆದವರು ಎಲ್ಲಿದ್ದಾರಪ್ಪ?”

“ಶಿರಾದ ಸಾಬ್ರು ಒಬ್ರು ಬರ್ದಿದ್ದು. ಈಗಿಲ್ಲ ಕಣಮ್ಮ. ಹೋಗ್ಬುಟ್ರು. ಇದೇ ಅವ್ರು ಬರ್ದಿದ್ದು ಕೊನೇದು. ಬಣ್ಣ ಒಣಗಿದ್ ಮೇಲೆ ಬಂದು, ಬಸ್ಸಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಬಾಳ ಹೊತ್ತು ನೋಡ್ಕಂಡು ಹೋದ್ರು. ಆಮೇಲೆ ಶೆಡ್ಡಿಗೆ ಬರ್ಲಿಲ್ಲ.” ಅವನು ಆ ಮೂರಕ್ಷರ ತೋರಿಸಿದ. “ಈ ಮಹೀರ ಯಾರು ಅಂತ ಮಾತ್ರ ಯಾರ್ಗೂ ಗೊತ್ತಿಲ್ಲ. ನಮ್ಮ ಓನರ್ ಮೊಮ್ಮಗಳು ಅಂತ ನಾವು ಅಂದ್ಕಂಡಿದ್ವಿ. ಓನರ್ ನೋಡಿದ್ರೆ ನಮ್ಮನ್ನೇ ಕೇಳ್ತಾರೆ. ತಪ್ಪು ಬರ್ದವ್ರೆ, ಅಳಿಸ್ಬೇಕು ಅಂತಾನೂ ಅಂತಿದ್ರು.”

ಬೇರೆಯವರ ಹೆಸರುಗಳನ್ನು ಜೀವಮಾನವಿಡೀ ನೋಡಿಕೊಂಡು ಬರೆದರು, ತಮ್ಮ ಹೆಸರನ್ನು ಮಾತ್ರ ನೋಡದೆ ಬರೆದಿದ್ದರು. ಮೊದಲು ಬಳೆ, ಆಮೇಲೆ ಬಾಲದ್ದು, ಆಮೇಲೆ ಇನ್ನೊಂದು. ಗುಲಾಬಿ ಹೊರಟ ಕಡೆಯಿಂದಲೇ ಹೊರಟಿದ್ದರು. ನನಗೆ ಅಳು ಬಂತು, ಅತ್ತೆ. ಬಸ್ಸಿನ ಹಿಂದೆ ನಿಂತು ಅಳುವ ಟೀಚರನ್ನು ನೋಡಿ ಕಂಡಕ್ಟರು ಗಾಬರಿಯಾದ.

“ಯಾಕಮ್ಮ, ಏನಾಯ್ತು?”

“ತಪ್ಪಿಲ್ಲಪ್ಪ ಅದರಲ್ಲಿ. ಅಳಿಸಬೇಡಿ ಅಂತ ನಿಮ್ಮ ಓನರಿಗೆ ಹೇಳು. ಬಲಗಡೆಯಿಂದ ಓದು ನೋಡೋಣ.”

ಅವನು ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದ. ಟಿಕೆಟ್ಟಿನ ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲತುದಿಯ ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದೇ ದಾಟಿಕೊಂಡು ಬಂದ.

“ರ... ಹೀ... ಮ.” ಬೆರಳು ಅಲ್ಲೇ ನಿಂತಿತು. “ಅರೆ! ನಮ್ಮ ಸಾಬ್ರು!”

ಇನ್ನೊಮ್ಮೆ ಜೋರಾಗಿ ಓದಿದ. ಆಮೇಲೆ ನನ್ನನ್ನು ಹತ್ತಿಸಿಕೊಂಡು, ಬಸ್ಸಿನ ಪಕ್ಕಕ್ಕೆ ಎರಡು ಸಲ ಬಡಿದು ಕೂಗಿದ: “ರೈಟ್!”